ಭಕ್ತಿಸಂಗೀತ ಮತ್ತು ರಂಗಗೀತೆಗಳ ಧ್ವನಿಮುದ್ರಣ (ಬೀಳಗಿ–ಜಮಖಂಡಿ ಪ್ರದೇಶ)

ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಹಾಡುಗಾರಿಕೆ ಗ್ರಾಮಫೋನ್ ತಟ್ಟೆ, ಆಕಾಶವಾಣಿ ಮತ್ತು ಕ್ಯಾಸೆಟ್ಟುಗಳಲ್ಲಿ ದಾಖಲಾದ ಚರಿತ್ರೆ ಇದು. ಬೀಳಗಿಯ ಸೋದರಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ಈ ಚರಿತ್ರೆಯ ಪ್ರಮುಖರು. ಅವರ ದನಿ ಮುದ್ರಣ ಕೋಣೆಯಲ್ಲಿ ದಾಖಲಾಯಿತು. ಬಯಲಾಟ ಮತ್ತು ಭಜನೆಗಳನ್ನು ಅವು ನಡೆಯುವ ಜಾಗದಲ್ಲೇ ಮುದ್ರಿಸಿಕೊಳ್ಳಲು ಟೇಪು ಬರಬೇಕಾಯಿತು.

ಹಿನ್ನೆಲೆ: ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನಗಳಾಗಿದ್ದವು, 1948ರಲ್ಲಿ ಎರಡೂ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಆಡಳಿತ ಯಾರದೇ ಇರಲಿ, ಇಲ್ಲಿನ ಕಲಾವಿದರಿಗೆ ಸಾಂಗಲಿ, ಕೊಲ್ಹಾಪುರ, ಪುಣೆಯ ರಂಗಭೂಮಿ ಹತ್ತಿರದ್ದು. ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ಆಡಿಸಿದ ‘ಸೀತಾಸ್ವಯಂವರ’ಕ್ಕೆ ಕನ್ನಡದ ಯಕ್ಷಗಾನ ಮೇಳದ ಪ್ರೇರಣೆಯಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದು ಹಾಡಿನ ನಾಟಕಕ್ಕೆ ಹೊಸ ರೂಪ ಕೊಟ್ಟರು. ಗದಗಿನ ಕಡೆ ಶಾಂತಕವಿಗಳು 1870ರ ದಶಕದಲ್ಲೇ ಕನ್ನಡ ನಾಟಕ ಮಂಡಳಿ ಕಟ್ಟಿದ್ದರು. ಈ ಕಂಪನಿ ನಾಟಕಗಳಲ್ಲಿ ಕಥೆಯಷ್ಟೇ ತೂಕ ಹಾಡಿಗೂ ಇತ್ತು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಿಸುವ ಕಂಠವೇ ನಟನ ಮೊದಲ ಅರ್ಹತೆ. ‘ವನ್ಸ್‌ಮೋರ್’ ಬಿದ್ದರೆ ಅದೇ ಪದವನ್ನು ಮತ್ತೆ ಹಾಡಬೇಕು.

ಹಳ್ಳಿಗಳಲ್ಲಿ ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟ ಜನಪ್ರಿಯವಾಗಿತ್ತು. ಅದರ ಪ್ರಚಲಿತ ರಂಗರೂಪ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನದು. ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದ ಆಟಕ್ಕೆ ಕೌಜಲಗಿ ನಿಂಗಮ್ಮ ಇಳಿದು, ಅದರ ಅತಿ ಪ್ರಸಿದ್ಧ ಕಲಾವಿದೆಯಾದಳು. ಮಠ-ಗುಡಿಗಳಲ್ಲಿ ವಚನ, ತತ್ತ್ವಪದ, ದಾಸರ ಪದಗಳ ಭಜನೆ, ಮೊಹರಮ್ಮಿನಲ್ಲಿ ಹಿಂದೂ-ಮುಸಲ್ಮಾನರು ಕೂಡಿ ಹಾಡುವ ರಿವಾಯತ್ ಇಲ್ಲಿನ ಮೇಳಗಾಯನದ ಬಗೆಗಳು. ಮುಂದಿನವನು ಎತ್ತಿಕೊಟ್ಟ ಸೊಲ್ಲನ್ನು ಹಿಮ್ಮೇಳದವರು ಹಿಡಿದು ಏರಿಸುವುದು ಎಲ್ಲಕ್ಕೂ ಸಮಾನ.

ತಟ್ಟೆಯ ಕಾಲ: ಭಾರತದಲ್ಲಿ ವ್ಯಾಪಾರಿ ಧ್ವನಿಮುದ್ರಣ 1902ರಲ್ಲಿ ಕಲ್ಕತ್ತದಲ್ಲಿ ಮೊದಲಾಯಿತು. ಅಲ್ಲಿ ಮುದ್ರಣಕಾರ ಫ್ರೆಡ್ ಗೈಸ್‌ಬರ್ಗ್ ಗಾಯಕಿ ಗೋಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ಆರಂಭದಲ್ಲಿ ಹಾಡುಗಾರರು ದೊಡ್ಡ ಕಹಳೆಯೊಳಗೆ ಮುಖವಿಟ್ಟು ಕೂಗಿ ಹಾಡಬೇಕಿತ್ತು. 1925ರ ಸುಮಾರಿಗೆ ವಿದ್ಯುತ್ ಮುದ್ರಣ ಬಂದಮೇಲೆ ಮೆಲುದನಿಗೂ ಅವಕಾಶವಾಯಿತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಹೀಗಾಗಿ ರಂಗದ ಮೇಲೆ ಕಾಲುಗಂಟೆ ಬೆಳೆಯುತ್ತಿದ್ದ ಪದ ಪಲ್ಲವಿ, ಒಂದೆರಡು ನುಡಿ, ನಾಲ್ಕಾರು ತಾನಗಳಿಗೆ ಇಳಿಯಿತು. ಮಾತು, ಅಭಿನಯ, ಪ್ರೇಕ್ಷಕರ ಗದ್ದಲ ಹೊರಗುಳಿದವು.

ಬೀಳಗಿಯ ಸೋದರಿಯರು: ಗೋಹರಬಾಯಿ ಕನ್ನಡ ಕಂಪನಿ ನಾಟಕಗಳಲ್ಲಿ ಹೆಸರು ಮಾಡಿ, 1930ರ ದಶಕದ ಕೊನೆಗೆ ಮರಾಠಿಯ ಬಾಲಗಂಧರ್ವರ (1888–1967) ಮಂಡಳಿ ಸೇರಿದಳು. ಸ್ತ್ರೀಪಾತ್ರಗಳಿಗೇ ಹೆಸರಾಗಿದ್ದ ಬಾಲಗಂಧರ್ವರ ಜಾಗದಲ್ಲಿ ನಾಯಕಿಯಾಗಿ ನಿಂತ ಆಕೆಯ ಹಾಡಿಕೆ ಅವರ ಶೈಲಿಗೆ ತೀರ ಹತ್ತಿರದ್ದು. ತಂಗಿ ಅಮೀರಬಾಯಿ ರಂಗಭೂಮಿಯಿಂದ ಮುಂಬಯಿಯ ಚಿತ್ರರಂಗಕ್ಕೆ ಹೋದಳು. ‘ನರಸಿ ಭಗತ್’ (1940) ಚಿತ್ರದಲ್ಲಿ ಆಕೆ ಹಾಡಿದ ‘ವೈಷ್ಣವ ಜನತೋ’ ದೇಶವೆಲ್ಲ ಕೇಳಿದ ಭಕ್ತಿಗೀತೆಯಾಯಿತು. ಅನಿಲ್ ಬಿಸ್ವಾಸ್ ಸಂಗೀತದ ‘ಕಿಸ್ಮತ್’ (1943) ಕಲ್ಕತ್ತದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅದರ ಹಾಡುಗಳಿಂದ ಅಮೀರಬಾಯಿ ಕೀರ್ತಿಯ ತುದಿ ಮುಟ್ಟಿದಳು. ‘ಶಹನಾಜ್’ (1948) ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಮಾಡಿದಳು. ವಿಜಾಪುರದ ಅಮೀರ್ ಟಾಕೀಸು ಆಕೆಯ ಹೆಸರಿನದು. 1965ರ ಮಾರ್ಚಿನಲ್ಲಿ ನಿಧನಳಾದಳು. ಕನ್ನಡದಲ್ಲಿ ಆಕೆಯ ಜೀವನಚರಿತ್ರೆ ಬರೆದವರು ರಹಮತ್ ತರೀಕೆರೆ.

ವಚನಗಾಯನ: ಇದೇ ಕಾಲದಲ್ಲಿ ಧಾರವಾಡ-ಹುಬ್ಬಳ್ಳಿಯ ಗಾಯಕರೂ ಎಚ್‌ಎಂವಿ ಕಂಪನಿಯ ತಟ್ಟೆಗಳಲ್ಲಿ ಕೇಳಿಸತೊಡಗಿದರು. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ‘ಗಾಂಧಾರಿ ಹುಬಳೀಕರ’ ಎಂಬ ಹೆಸರಿನಲ್ಲಿ ಬಂದವು. ನಾಟಕ ಕಂಪನಿಯಿಂದಲೇ ಹೊರಟ ಮಲ್ಲಿಕಾರ್ಜುನ ಮನ್ಸೂರರು (1910–1992) ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರು. ಸಿದ್ಧರಾಮ ಜಂಬಲದಿನ್ನಿಯವರೂ ವಚನ ಮತ್ತು ರಂಗಗೀತೆ ಎರಡರಲ್ಲೂ ನುರಿತವರು. ರಂಗದ ಮಟ್ಟು ಭಜನೆಗೂ, ಭಜನೆಯ ಸಾಹಿತ್ಯ ರಂಗಕ್ಕೂ ಸಾಗಿದ್ದರಲ್ಲಿ ತಟ್ಟೆಯ ಪಾಲು ದೊಡ್ಡದು.

ಆಕಾಶವಾಣಿ ಮತ್ತು ಟೇಪು: 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ಕೇಂದ್ರ ಉತ್ತರ ಕರ್ನಾಟಕದ ಜನಪದ ಗಾಯಕರಿಗೆ ವೇದಿಕೆಯಾಯಿತು. ಟೇಪಿನಿಂದ ಮೂರು ನಿಮಿಷದ ಕಟ್ಟು ಸಡಿಲಿ, ಆಟ ನಡೆಯುವಲ್ಲಿಗೇ ಯಂತ್ರವನ್ನು ಒಯ್ಯುವುದು ಸಾಧ್ಯವಾಯಿತು. 1980ರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾದಾಗ ಪಾರಿಜಾತ, ಭಜನೆ, ಗೀಗೀಪದಗಳು ಸಂತೆ-ಜಾತ್ರೆಗಳ ಅಂಗಡಿಗೆ ಬಂದವು. ಪಾರಿಜಾತದ ಭಾಗವತ-ದೂತಿಯರ ಚಟಾಕಿ, ಗೊಲ್ಲತಿಯ ಪ್ರಸಂಗ, ಹಿಮ್ಮೇಳದ ಏರುದನಿ ಆಗ ಕೇಳುಗರಿಗೆ ಸಿಕ್ಕವು. ಆದರೂ ಬೆಳಗಿನವರೆಗೆ ನಡೆಯುವ ಆಟ ಅರವತ್ತು ಅಥವಾ ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹಿಡಿಯಲಿಲ್ಲ. ಜನಪ್ರಿಯ ಪ್ರಸಂಗಗಳನ್ನಷ್ಟೇ ಆರಿಸಿ ತುಂಬಲಾಯಿತು.

ಮೌಲ್ಯ: ಕಂಪನಿ ನಾಟಕದ ಗಾಯನಶೈಲಿಯನ್ನು ಅರಿಯಲು ಇಂದು ತಟ್ಟೆಗಳಿಗಿಂತ ಮಿಗಿಲಾದ ಆಧಾರವಿಲ್ಲ. ಆದರೆ ಅವು ತೋರಿಸುವುದು ಒಂಟಿ ಕಂಠವನ್ನು. ಕೂಡಿ ಹಾಡುವ ಈ ಸೀಮೆಯ ಪದ್ಧತಿಗೆ ಸಾಕ್ಷಿ ನೇರ ಪ್ರಯೋಗದ ಟೇಪುಗಳು. ಅರಗಿನ ತಟ್ಟೆ ಬಿದ್ದರೆ ಒಡೆಯುತ್ತದೆ, ಟೇಪು ತೇವಕ್ಕೆ ಬೂಸಲು ಹಿಡಿಯುತ್ತದೆ. ಮನೆಗಳಲ್ಲಿ, ಮೇಳಗಳ ಬಳಿ ಉಳಿದಿರುವ ಇಂಥವನ್ನು ಕಂಪ್ಯೂಟರಿಗೆ ಇಳಿಸಿ, ಹಾಡಿದವರ ಹೆಸರು ಮತ್ತು ಊರು ಬರೆದಿಡುವುದು ಈಗ ಆಗಬೇಕಾದ ಕೆಲಸ.