ಪಾದ್ರಿಗಳ ಪೆಟ್ಟಿಗೆಯಲ್ಲಿದ್ದ ಹೆಸರುಗಳು

ಕಾಗದ ಉಳಿಸಿಕೊಂಡವರು ಯಾವಾಗಲೂ ಉಳ್ಳವರೇ. ಶಾನುಭೋಗರ ಕಡತ, ಮಠದ ಲೆಕ್ಕ, ಧಣಿಯ ಸಾಲಪತ್ರ, ಇವೆಲ್ಲ ನಮ್ಮನ್ನು ಕಟ್ಟಿಹಾಕಲು ಬರೆದದ್ದು. ಹಾಗಾಗಿ "ಇವನ್ನೆಲ್ಲಾ ಬೆಂಕಿಗೆ ಹಾಕ್ರಿ" ಅನ್ನುವ ಸಿಟ್ಟು ನಮ್ಮ ಸಂಗಾತಿಗಳಲ್ಲಿದೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಬೆಂಕಿಗೆ ಹಾಕುವ ಮೊದಲು ಅಮೆರಿಕದ ಒಂದು ಕಾಲೇಜಿನ ಕಡತಗಳ ಕತೆ ಕೇಳಬೇಕು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಗೆಳೆಯರು ತಮ್ಮ ಹೆಸರನ್ನೇ ಅಲ್ಲಿನ ಕಪ್ಪು ಜನರ ಹೋರಾಟದಿಂದ ಪಡೆದರು. ಆ ಜನರ ಚರಿತ್ರೆ ನಮಗೆ ಹೊರಗಿನದಲ್ಲ.

ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ಕಾಲೇಜು 1789ರಲ್ಲಿ ಹುಟ್ಟಿತು. ನೆಲೆ ಹಾಕಿದವನು ಜಾನ್ ಕ್ಯಾರೊಲ್ ಎಂಬ ಕಥೋಲಿಕ ಧರ್ಮಗುರು. ಮುಂದೆ ನಡೆಸಿದವರು ಯೇಸುಸಭೆಯ ಪಾದ್ರಿಗಳು, ಅಂದರೆ ಜೆಸ್ವಿಟ್ಟರು. ಪಕ್ಕದ ಮೇರಿಲ್ಯಾಂಡಿನಲ್ಲಿ ಈ ಪಾದ್ರಿಗಳಿಗೆ ವೈಟ್ ಮಾರ್ಷ್, ಸೇಂಟ್ ಇನಿಗೋಸ್, ನ್ಯೂಟೌನ್ ಮೊದಲಾದ ದೊಡ್ಡ ತೋಟಗಳಿದ್ದವು. ಹೊಗೆಸೊಪ್ಪು ಬೆಳೆದವರು, ಬೆವರು ಬಸಿದವರು ಆಫ್ರಿಕಾ ಮೂಲದ ಗುಲಾಮರು. ಅವರಿಗೆ ಜ್ಞಾನಸ್ನಾನ ಕೊಟ್ಟವರೂ ಪಾದ್ರಿಗಳೇ, ಅವರ ಒಡೆಯರೂ ಪಾದ್ರಿಗಳೇ. ಆತ್ಮ ದೇವರಿಗೆ, ಮೈ ಸಭೆಗೆ!

ಕಟ್ಟಡ ಕಟ್ಟಿ ಕಾಲೇಜು ಸಾಲದಲ್ಲಿ ಮುಳುಗಿತು. ಹಿಂದೆ ಅದೇ ಕಾಲೇಜಿನ ಅಧ್ಯಕ್ಷನಾಗಿದ್ದ ಥಾಮಸ್ ಮಲೆಡಿ ಆಗ ಮೇರಿಲ್ಯಾಂಡಿನ ಜೆಸ್ವಿಟ್ಟರ ಮುಖ್ಯಸ್ಥ. 1838ರ ಜೂನ್ 19ರಂದು ಅವನು 272 ಮಂದಿಯನ್ನು 1,15,000 ಡಾಲರಿಗೆ ಮಾರುವ ಕ್ರಯಪತ್ರಕ್ಕೆ ಸಹಿ ಹಾಕಿದ. ಕೊಂಡವರು ಲೂಸಿಯಾನದ ಹೆನ್ರಿ ಜಾನ್ಸನ್ ಮತ್ತು ಜೆಸ್ಸಿ ಬೇಟಿ ಎಂಬ ತೋಟದ ಧಣಿಗಳು. ಎರಡು ತಿಂಗಳ ಹಸುಗೂಸನ್ನೂ ಬಿಡಲಿಲ್ಲ. ಮನೆಮಂದಿಯನ್ನು ಅಗಲಿಸಬಾರದು, ಹಣ ಸಾಲಕ್ಕೆ ಹೋಗಬಾರದು ಅಂತ ರೋಮಿನಲ್ಲಿದ್ದ ಸಭೆಯ ಮಹಾಮುಖ್ಯಸ್ಥ ಮೊದಲೇ ಷರತ್ತು ಹಾಕಿದ್ದ. ಎರಡೂ ಮುರಿದವು. ಮಾರಲೇಬಾರದು ಅಂತ ಮಾತ್ರ ಆ ದೊಡ್ಡವನೂ ಹೇಳಲಿಲ್ಲ, ನೋಡಿ. ಮಲೆಡಿಯನ್ನು ಪದವಿಯಿಂದ ಇಳಿಸಿದರು. ಕೆಲವೇ ವರ್ಷಗಳಲ್ಲಿ ಅವನು ಮತ್ತೆ ಕಾಲೇಜಿನ ಅಧ್ಯಕ್ಷನಾಗಿ ಬಂದು ಕೂತ.

ಇದೆಲ್ಲ ನಮಗೆ ಗೊತ್ತಾದದ್ದು ಹೇಗೆ? ಪಾದ್ರಿಗಳೇ ಬರೆದಿಟ್ಟ ಕಾಗದಗಳಿಂದ. ಕ್ರಯಪತ್ರ, ಹೆಸರು ಮತ್ತು ವಯಸ್ಸಿನ ಪಟ್ಟಿ, ಜ್ಞಾನಸ್ನಾನ ಮದುವೆಗಳ ಪುಸ್ತಕ, ರೋಮಿಗೆ ಬರೆದ ಪತ್ರ, ಇವನ್ನೆಲ್ಲ ಸಭೆ ಜೋಪಾನ ಮಾಡಿತು. ಆಸ್ತಿಯ ಲೆಕ್ಕ ಅಂತ ಮಾಡಿತು. ಕ್ರಯಪತ್ರದ ಮೊದಲ ಹೆಸರು ಐಸಾಕ್, ವಯಸ್ಸು 65. ದನದ ಲೆಕ್ಕದ ಹಾಗೆ ಬರೆದರೂ ಹೆಸರು ಹೆಸರೇ.

ಆ ಪೆಟ್ಟಿಗೆಯಲ್ಲಿ ಗುಲಾಮರ ದನಿಯೂ ಸಿಕ್ಕಿದೆ. ಮೇರಿಲ್ಯಾಂಡಿನಿಂದ ಮಿಸ್ಸೌರಿಗೆ ಸಾಗಿಸಲ್ಪಟ್ಟಿದ್ದ ಥಾಮಸ್ ಬ್ರೌನ್ 1833ರಲ್ಲಿ ಒಂದು ಪತ್ರ ಕಳಿಸಿದ. ತಾನೂ ತನ್ನ ಹೆಂಡತಿಯೂ ಇರುವ ಮನೆ ಕೊಳೆತು ಹೋಗಿದೆ, ಚಳಿಗೆ ಉಳಿಯುವುದು ಕಷ್ಟ, ನೂರು ಡಾಲರು ಕೊಡುತ್ತೇನೆ, ಇಬ್ಬರನ್ನೂ ಬಿಟ್ಟುಬಿಡಿ ಅಂತ ಬೇಡಿದ. ಜೀವಮಾನವೆಲ್ಲ ದುಡಿದವನು ತನ್ನನ್ನೇ ಕೊಂಡುಕೊಳ್ಳಲು ಕಾಸು ಕೂಡಿಡಬೇಕಾಗಿತ್ತು! ಈ ಒಂದು ಪತ್ರ ಕಳೆದುಹೋಗಿದ್ದರೆ "ಪಾದ್ರಿಗಳು ದಯಾಳು ಒಡೆಯರು" ಅನ್ನುವ ಮಾತೇ ಚರಿತ್ರೆಯಾಗಿ ನಿಲ್ಲುತ್ತಿತ್ತು.

ಇಲ್ಲಿ ಇನ್ನೊಂದು ಮಾತು. ಬಾಯಿಮಾತಿಗೆ ಏನು ಬೆಲೆ? ವೈಟ್ ಮಾರ್ಷ್ ತೋಟದ ಎಡ್ವರ್ಡ್ ಕ್ವೀನ್ 1791ರಲ್ಲಿ ಜಾನ್ ಆಶ್ಟನ್ ಎಂಬ ಪಾದ್ರಿಯ ಮೇಲೆ ದಾವೆ ಹೂಡಿದ. ನಮ್ಮ ವಂಶದ ಹಿರಿಯ ತಾಯಿ ಸ್ವತಂತ್ರಳು, ಗುಲಾಮಳಲ್ಲ ಅನ್ನುವುದು ಅವನ ವಾದ. ಹಿರಿಯರಿಂದ ಕೇಳಿದ್ದನ್ನು ಸಾಕ್ಷಿಗಳು ಹೇಳಿದರು, ಕೋರ್ಟು ಕೇಳಿಸಿಕೊಂಡಿತು, 1794ರಲ್ಲಿ ಅವನು ಗೆದ್ದ. 1813ರಲ್ಲಿ ಅದೇ ವಂಶದ ಮೈಮಾ ಕ್ವೀನ್ ಬೇರೊಬ್ಬ ಒಡೆಯನ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋದಳು. ಕೇಳಿದ ಮಾತು ಸಾಕ್ಷಿಯಲ್ಲ ಅಂದ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್. ಗೇಬ್ರಿಯಲ್ ಡುವಾಲ್ ಒಬ್ಬನೇ ಒಪ್ಪಲಿಲ್ಲ. ಅಕ್ಷರವನ್ನು ಕಸಿದುಕೊಂಡ ಜನರ ಹತ್ತಿರ ಕಾಗದ ತನ್ನಿ ಅಂತ ಕೇಳುವುದು ಎಂಥ ನ್ಯಾಯ? ಈ ಪ್ರಶ್ನೆ ನಮ್ಮ ಕೇರಿಗಳಿಗೆ ಹೊಸದಲ್ಲ.

ಕಾಗದ ಉಳಿದರೆ ಸಾಲದು, ಬೀಗ ತೆಗೆಯಬೇಕು. ಇತಿಹಾಸಕಾರರಿಗೆ ಈ ಮಾರಾಟ ಗೊತ್ತಿತ್ತು. 1990ರ ದಶಕದಲ್ಲಿ ಕೆಲವು ಕಡತಗಳನ್ನು ಕಂಪ್ಯೂಟರಿಗೂ ಏರಿಸಿದ್ದರು. ಆದರೂ ಕಾಲೇಜಿನ ಒಂದು ಕಟ್ಟಡಕ್ಕೆ ಮಲೆಡಿಯ ಹೆಸರೇ ಇತ್ತು. 2015ರ ನವೆಂಬರಿನಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯ ಮುಂದೆ ಧರಣಿ ಕೂತ ಮೇಲೆ ಹೆಸರು ಇಳಿಯಿತು. 2016ರಲ್ಲಿ ಗುಲಾಮಗಿರಿಯ ದಾಖಲೆಗಳ ಭಂಡಾರ ಎಲ್ಲರಿಗೂ ತೆರೆಯಿತು. 2017ರಲ್ಲಿ ಅದೇ ಕಟ್ಟಡ ಐಸಾಕ್ ಹಾಕಿನ್ಸ್ ಭವನವಾಯಿತು.

ಹದಿಮೂರರ ವಯಸ್ಸಿನಲ್ಲಿ ಮಾರಾಟವಾದ ಕಾರ್ನೀಲಿಯಸ್ ಹಾಕಿನ್ಸನ ಸಮಾಧಿ ಲೂಸಿಯಾನದ ಮೆರಿಂಗ್ವಿನ್ ಊರಿನ ಇಗರ್ಜಿಯ ಸ್ಮಶಾನದಲ್ಲಿದೆ. ಅದೇ ಊರಲ್ಲಿ ಬೆಳೆದ ಅವನ ವಂಶದವರಿಗೇ ಈ ಕತೆ ಗೊತ್ತಿರಲಿಲ್ಲ. ಕಡತ ತೆರೆದ ಮೇಲೆ ಗೊತ್ತಾಯಿತು. ಮಾರಾಟವಾದ ಫ್ರಾಂಕ್ ಕ್ಯಾಂಪ್‌ಬೆಲ್ಲನ ಮುದಿವಯಸ್ಸಿನ ಫೋಟೋ ಲೂಸಿಯಾನದ ಇನ್ನೊಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಕ್ಕಿತು. ಪಟ್ಟಿಯ ಹೆಸರಿಗೆ ಮುಖ ಬಂತು.

ಹೆಸರು ಸಿಕ್ಕಿದ ಮೇಲೆ ಲೆಕ್ಕ ಕೇಳುವವರೂ ಬಂದರು. 2019ರಲ್ಲಿ ವಿದ್ಯಾರ್ಥಿಗಳು ಆ ವಂಶದವರಿಗಾಗಿ ತಲಾ 27.20 ಡಾಲರು ಶುಲ್ಕ ಕಟ್ಟುತ್ತೇವೆ ಅಂತ ಮತ ಹಾಕಿದರು. 2021ರಲ್ಲಿ ಜೆಸ್ವಿಟ್ಟರು ಹತ್ತು ಕೋಟಿ ಡಾಲರು ಕೂಡಿಸುವ ಮಾತು ಕೊಟ್ಟರು. ಮಾತು ಕೊಟ್ಟದ್ದು ನಡೆಯಿತೋ ಇಲ್ಲವೋ ಅನ್ನುವುದನ್ನೂ ಕಾಗದದಲ್ಲೇ ನೋಡಬೇಕು.

ಗುಲಾಮಗಿರಿಯೂ ನಮ್ಮ ಜೀತವೂ ಒಂದೇ ಅಂತ ನಾವು ಹೇಳುತ್ತಿಲ್ಲ. ಹೇಳುವುದು ಇಷ್ಟೆ. 1927ರಲ್ಲಿ ಬಾಬಾಸಾಹೇಬರು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು. ಅದು ನಮ್ಮನ್ನು ಆಳಿದ ಕಟ್ಟಳೆ, ಸುಡಬೇಕಾದದ್ದೇ. ಲೆಕ್ಕದ ಪುಸ್ತಕ ಬೇರೆ. ಅದು ಒಡೆಯನೇ ತನ್ನ ಕೈಯಾರೆ ತನ್ನ ವಿರುದ್ಧ ಬರೆದಿಟ್ಟ ಸಾಕ್ಷಿ. ಅದನ್ನು ಗೆದ್ದಲಿಗೂ ಬಿಡಬಾರದು, ಒಡೆಯನ ಬೀಗದಲ್ಲೂ ಬಿಡಬಾರದು. ಜೀತದ ಪತ್ರವಿದ್ದರೆ ನಕಲು ತೆಗೆಸಿ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ನಮ್ಮ ಕೇರಿಯಿಂದ ಮೊದಲು ಬಂದ ಮಗುವಿನ ಹೆಸರಿದೆ, ಅದನ್ನು ರದ್ದಿಗೆ ಹಾಕಬೇಡಿ. ವಿದ್ಯಾರ್ಥಿ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ಯಿರಿ. ಅಜ್ಜಿ ಯಾರ ಮನೆಗೆ ದುಡಿದಳು, ಎಷ್ಟು ವರ್ಷ, ಎಷ್ಟು ಸೇರು ರಾಗಿಗೆ, ಅವಳ ಬಾಯಿಂದಲೇ ಕೇಳಿ ಬರಕೊಳ್ಳಿ. ಕೆಳಗೆ ತಾರೀಖು ಹಾಕಿ.