ನಂಬಿಕೆಯ ಮೇಲೆ ನಿಂತ ಗ್ರಂಥಭಂಡಾರಗಳು

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ನಡೆಯುವಾಗ, ಹೂವು ಮತ್ತು ಬಟ್ಟೆಯ ಅಂಗಡಿಗಳ ಗದ್ದಲದ ನಡುವೆ ನಮಗೆ ಹಳೆಯ ಗ್ರಂಥಾಲಯಗಳ ನೆನಪಾಗುತ್ತದೆ. ನಾವು ಬಿ.ಎ. ಓದುತ್ತಿದ್ದ ದಿನಗಳಲ್ಲಿ ಗ್ರಂಥಾಲಯವೆಂದರೆ ಮರದ ಡ್ರಾಯರುಗಳಲ್ಲಿ ಜೋಡಿಸಿಟ್ಟ ಕಾರ್ಡುಗಳು, ಪುಸ್ತಕದೊಳಗೆ ಅಂಟಿಸಿದ ದಿನಾಂಕದ ಚೀಟಿ. ಒಂದು ಕಾರ್ಡನ್ನು ಅರಸುವಾಗ ನೆರೆಯ ಹತ್ತು ಕಾರ್ಡುಗಳು ಕಣ್ಣಿಗೆ ಬೀಳುತ್ತಿದ್ದವು. ಇಂದಿನ ಕಂಪ್ಯೂಟರು ಕೇಳಿದ್ದನ್ನು ಕ್ಷಣದಲ್ಲಿ ತೋರಿಸುತ್ತದೆ. ಕೇಳಬೇಕೆಂದು ನಮಗೆ ತೋಚದಿದ್ದುದನ್ನು ತೋರಿಸುವುದು ಅಪರೂಪ.

ಹಳೆಯ ಪದ್ಧತಿಯ ಮೊದಲ ಗುಣ ನಂಬಿಕೆ. ಕ್ರಿ.ಶ. 1229ರಲ್ಲಿ ನಿಧನರಾದ ಭೂಗೋಳಶಾಸ್ತ್ರಜ್ಞ ಯಾಕೂತ್ ಅಲ್-ಹಮವೀ ಬಾಲ್ಯದಲ್ಲಿ ಗುಲಾಮರಾಗಿದ್ದವರು. ಬಿಡುಗಡೆ ಹೊಂದಿ ಪುಸ್ತಕಗಳನ್ನು ನಕಲು ಮಾಡಿ, ಮಾರಿ ಬದುಕಿದವರು. ಮರ್ವ್ ನಗರದಲ್ಲಿ ಅವರು ಹತ್ತು ವಕ್ಫ್ ಗ್ರಂಥಭಂಡಾರಗಳನ್ನು ಕಂಡರು. ಅವರ ಮನೆಯಲ್ಲಿ ಸದಾ ಇನ್ನೂರರಷ್ಟು ಎರವಲು ಸಂಪುಟಗಳಿರುತ್ತಿದ್ದವು. ಬಹುತೇಕ ಯಾವುದಕ್ಕೂ ಅಡವು ಕೇಳಿರಲಿಲ್ಲ. 1221ರಲ್ಲಿ ಮಂಗೋಲರು ಆ ನಗರವನ್ನು ನಾಶಗೊಳಿಸಿದರು. ಆದರೆ ಆ ಪುಸ್ತಕಗಳಿಂದ ಯಾಕೂತರು ಸಂಗ್ರಹಿಸಿದ ಜ್ಞಾನವು ಅವರ ಗ್ರಂಥಗಳಲ್ಲಿ ಉಳಿಯಿತು.

ಎರಡನೆಯ ಗುಣ, ಪುಸ್ತಕದ ಮೈಮೇಲೆಯೇ ಉಳಿಯುವ ಗುರುತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನವಾದಾಗ ಟಿಪ್ಪು ಸುಲ್ತಾನರ ಸುಮಾರು ಎರಡು ಸಾವಿರ ಹಸ್ತಪ್ರತಿಗಳು ಆಂಗ್ಲರ ವಶವಾಗಿ, ಕಲ್ಕತ್ತಾ ಮತ್ತು ಲಂಡನ್ನುಗಳಿಗೆ ಚದುರಿಹೋದವು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಅವುಗಳ ವಿವರಣಾತ್ಮಕ ಪಟ್ಟಿಯನ್ನು ಪ್ರಕಟಿಸಿದರು. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿದ ಪ್ರತಿಗಳ ಮೇಲೆ ಅಲ್ಲಾಹನ ನಾಮ, ನಾಲ್ವರು ಖಲೀಫರ ಹೆಸರುಗಳು ಮತ್ತು ‘ಸರ್ಕಾರೆ ಖುದಾದಾದ್’ ಎಂಬ ಮುದ್ರೆ ಇದ್ದವು. ಒಡೆಯನಿಲ್ಲದೆ ದೂರದೇಶ ಸೇರಿದ ಗ್ರಂಥವು ತನ್ನ ಮನೆಯ ಹೆಸರನ್ನು ತಾನೇ ಹೇಳುತ್ತದೆ.

ಇವೆಲ್ಲ ಅರಸರ ಮತ್ತು ವಿದ್ವಾಂಸರ ಮಾತಾಯಿತೆಂದು ಯಾರೂ ಭಾವಿಸಬೇಕಿಲ್ಲ. ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ಸೈಯದ್ ಇಸಾಕ್ ಅವರಿಗೆ ಶಾಲೆಯ ಓದು ದಕ್ಕಿರಲಿಲ್ಲ. ತಮಗೆ ದೊರೆಯದ ಓದು ನೆರೆಯವರಿಗೆ ದೊರೆಯಲೆಂದು ಅವರು ಸ್ವಂತ ದುಡಿಮೆಯಿಂದ ಕನ್ನಡ ಗ್ರಂಥಾಲಯವನ್ನು ನಡೆಸಿದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಸುಮಾರು ಹನ್ನೊಂದು ಸಾವಿರ ಪುಸ್ತಕಗಳು ಬೂದಿಯಾದವು. ಕುರ್‌ಆನ್, ಭಗವದ್ಗೀತೆ, ಬೈಬಲ್ ಮೂರೂ ಅಲ್ಲಿದ್ದವು. ಅವರು ಎದೆಗುಂದದೆ ಮತ್ತೆ ಕಟ್ಟುವ ಮಾತನ್ನಾಡಿದರು; ನಾಡಿನ ಜನರು ಜೊತೆಗೆ ನಿಂತರು.

ಹೊಸ ಸಾಧನಗಳನ್ನು ನಾವು ಹಳಿಯುವುದಿಲ್ಲ. ದೂರದ ಹಸ್ತಪ್ರತಿಯೊಂದು ಇಂದು ಹಳ್ಳಿಯ ವಿದ್ಯಾರ್ಥಿಯ ಕೈಗೂ ಎಟಕುತ್ತದೆ, ಅದು ದೊಡ್ಡ ಅನುಗ್ರಹ. ಆದರೆ ಎರವಲು ತಂದ ಪುಸ್ತಕವು ಅಮಾನತ್ತು. ಅದನ್ನು ಕೆಡಿಸದೆ ಓದಿ, ಹೇಳಿದ ದಿನಕ್ಕೆ ಹಿಂದಿರುಗಿಸುವ ಮಗುವು ಜ್ಞಾನದೊಡನೆ ಪ್ರಾಮಾಣಿಕತೆಯನ್ನೂ ಕಲಿಯುತ್ತದೆ. ಈ ಪಾಠವನ್ನು ಮೊಬೈಲಿನ ಪರದೆಯು ಕಲಿಸಲಾರದು. ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆದ್ದರಿಂದ ನಮ್ಮ ಬಡಾವಣೆಯ ಗ್ರಂಥಾಲಯವು ನಮ್ಮದೇ. ಈ ವಾರ ಮಕ್ಕಳ ಕೈಹಿಡಿದು ಅಲ್ಲಿಗೆ ಹೋಗೋಣ. ಓದೆಂಬ ಆಜ್ಞೆಯಿಂದ ದಿವ್ಯವಾಣಿಯನ್ನು ಆರಂಭಿಸಿದ ಅಲ್ಲಾಹನು ನಮ್ಮ ಮನೆಗಳನ್ನು ಓದುವ ಮನೆಗಳನ್ನಾಗಿಸಲಿ. ಆಮೀನ್.