ಕೆಟ್ಟ ಮೇಲೆ ಬಂದ ಬುದ್ಧಿಗೆ ಬೆಲೆಯಿಲ್ಲವೇ?

ದೇವದುರ್ಗದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಾಗಲಿ, ಮಾನ್ವಿಯ ಗೊಬ್ಬರದಂಗಡಿಯ ಕಟ್ಟೆಯ ಮೇಲಾಗಲಿ, ರಾಯಚೂರಿನ ತೀನ್ ಕಂದಿಲ್ ಬಳಿಯಾಗಲಿ ಸ್ವಲ್ಪ ಹೊತ್ತು ಕುಳಿತರೆ ಒಂದು ಮಾತು ಕಿವಿಗೆ ಬೀಳುತ್ತದೆ. ಯಾರೋ ಒಬ್ಬರು, "ತಪ್ಪು ಮಾಡಿದ್ವಿ ನೋಡ್ರಿ, ಅವರಿಗೆ ಓಟು ಹಾಕಬಾರದಿತ್ತು" ಎನ್ನುತ್ತಾರೆ. ಪಕ್ಕದಲ್ಲಿ ಕುಳಿತವನು ಕೂಡಲೇ, "ಆವತ್ತು ಹಾಕಬ್ಯಾಡ ಅಂದ್ರ ಕೇಳಿದೇನು? ಈಗ ಉಣ್ಣು" ಎಂದು ಬಾಯಿ ಮುಚ್ಚಿಸುತ್ತಾನೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಹಿಂದೆ ಜನರ ಸಿಟ್ಟು ರಾಜಕಾರಣಿಯ ಮೇಲಿತ್ತು. ಗೆದ್ದವನು ಕೈಕೊಟ್ಟ, ಮಾತು ತಪ್ಪಿದ ಎಂದು ಬೈಯುತ್ತಿದ್ದರು. ಈಗ ಆ ಸಿಟ್ಟಿನ ದೊಡ್ಡ ಪಾಲು ಮತ ಹಾಕಿದವನ ಮೇಲೆ ತಿರುಗಿದೆ. ಅದರಲ್ಲೂ ತಾನು ತಪ್ಪಿದೆ ಎಂದು ಬಾಯಿಬಿಟ್ಟು ಹೇಳುವವನ ಮೇಲೆ ಅದು ಇನ್ನೂ ಹೆಚ್ಚು. ತಪ್ಪನ್ನು ಒಪ್ಪಿಕೊಳ್ಳದೆ ಸಮರ್ಥಿಸಿಕೊಳ್ಳುವವನನ್ನು ಯಾರೂ ಅಷ್ಟಾಗಿ ಕೆಣಕುವುದಿಲ್ಲ. ಒಪ್ಪಿಕೊಂಡವನೇ ಎಲ್ಲರಿಂದ ಬೈಗುಳ ತಿನ್ನುತ್ತಾನೆ. "ಮಾಡಿದ್ದುಣ್ಣೋ ಮಹಾರಾಯ" ಎಂಬ ಗಾದೆ ನಮ್ಮಲ್ಲಿದೆ. "ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು" ಎಂಬುದೂ ಇದೆ. ಆದರೆ ಕೆಟ್ಟ ಮೇಲೆ ಬಂದ ಬುದ್ಧಿಗೆ ಬೆಲೆಯೇ ಇಲ್ಲವೇ? ಇತಿಹಾಸ ಏನು ಹೇಳುತ್ತದೆ ಎಂದು ನೋಡಬೇಕಾಗಿದೆ.

ಕೇಳುವವರೇ ಇಲ್ಲದ ಕಾಲ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ರಾಜರು ಶತಮಾನಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ನಡುವೆ ನಡೆದ ರಾಯಚೂರು ಯುದ್ಧ ಪ್ರಸಿದ್ಧವಾದುದು. ಗೆದ್ದವರ ಹೆಸರು ಇತಿಹಾಸದಲ್ಲಿ ಉಳಿಯಿತು. ಹೊಲ ತುಳಿಸಿಕೊಂಡ ರೈತನ ಹೆಸರು ಎಲ್ಲಿಯೂ ಇಲ್ಲ.

1853ರಲ್ಲಿ ಹೈದರಾಬಾದಿನ ನಿಜಾಮ ತನ್ನ ಸಾಲದ ಬಾಬ್ತು ಬೇರಾರ್ ಜೊತೆಗೆ ರಾಯಚೂರು ದೋಆಬನ್ನೂ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಒಪ್ಪಿಸಿದ. 1857ರ ದಂಗೆಯಲ್ಲಿ ನಿಜಾಮ ಬ್ರಿಟಿಷರ ಪರ ನಿಂತುದರಿಂದ 1860ರಲ್ಲಿ ಅವರು ದೋಆಬನ್ನು ಅವನಿಗೆ ಮರಳಿಸಿದರು. ಏಳು ವರ್ಷಗಳಲ್ಲಿ ಮಾನ್ವಿಯ, ದೇವದುರ್ಗದ, ರಾಯಚೂರಿನ ಜನ ಎರಡು ಸಲ ಕೈ ಬದಲಾದರು. ಎರಡು ಸಲವೂ ಅವರನ್ನು ಯಾರೂ ಕೇಳಲಿಲ್ಲ. ಕೇಳದೇ ಇದ್ದ ಮೇಲೆ ತಪ್ಪು ಆರಿಸಿದೆವೆಂಬ ಪಶ್ಚಾತ್ತಾಪವಾದರೂ ಎಲ್ಲಿಂದ ಬರಬೇಕು?

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಬಂತು. 1952ರಲ್ಲಿ ಹೈದರಾಬಾದ್ ರಾಜ್ಯದ ವಿಧಾನಸಭೆಗೆ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ರಾಯಚೂರು, ಗುಲ್ಬರ್ಗಾ, ಬೀದರ್ ಜಿಲ್ಲೆಗಳ ಕೂಲಿಯೂ ಜಮೀನ್ದಾರನೂ, ಗಂಡಸೂ ಹೆಂಗಸೂ ಒಂದೇ ಸಾಲಿನಲ್ಲಿ ನಿಂತು ಒಂದೊಂದೇ ಮತ ಹಾಕಿದರು. ಆರಿಸುವ ಹಕ್ಕು ಬಂದ ದಿನವೇ ತಪ್ಪು ಆರಿಸುವ ಸಾಧ್ಯತೆಯೂ ಬಂತು, ತಪ್ಪನ್ನು ತಿದ್ದಿಕೊಳ್ಳುವ ಹಕ್ಕೂ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ ಇಟ್ಟಿರುವುದರ ಅರ್ಥವೇ ಅದು. ಜನ ತಪ್ಪುವುದೇ ಇಲ್ಲ ಎಂದಿದ್ದರೆ ಒಮ್ಮೆ ಮತ ಹಾಕಿದರೆ ಸಾಕಾಗುತ್ತಿತ್ತು.

ಮನಸ್ಸು ಬದಲಿಸಿದ ಜನ

ತುರ್ತುಪರಿಸ್ಥಿತಿಯ ಬಳಿಕ 1977ರಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದ ಜನ ಇಂದಿರಾ ಗಾಂಧಿಯವರನ್ನು ಅವರ ಸ್ವಂತ ಕ್ಷೇತ್ರ ರಾಯ್‌ಬರೇಲಿಯಲ್ಲೇ ಸೋಲಿಸಿದರು. ಕರ್ನಾಟಕದ ತೀರ್ಪು ಬೇರೆಯಾಗಿತ್ತು. ಇಲ್ಲಿ 28ರಲ್ಲಿ 26 ಸ್ಥಾನಗಳು ಕಾಂಗ್ರೆಸ್ಸಿಗೆ ಬಂದವು. ಮರುವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಕಳುಹಿಸಿತು. ಜನತಾ ಪಕ್ಷದ ಒಳಜಗಳ ನೋಡಿ ಬೇಸತ್ತ ಜನ 1980ರಲ್ಲಿ 353 ಸ್ಥಾನಗಳೊಂದಿಗೆ ಅವರನ್ನು ಮತ್ತೆ ಅಧಿಕಾರಕ್ಕೆ ತಂದರು. ಮೂರು ವರ್ಷಗಳ ಹಿಂದೆ ಅವರನ್ನು ಇಳಿಸಿದ್ದವರೂ ಇದೇ ಜನ. ಅವರು ಮೊದಲು ತಪ್ಪಿದರೋ, ಆಮೇಲೆ ತಪ್ಪಿದರೋ ಎಂಬ ವಾದ ಇಂದಿಗೂ ಮುಗಿದಿಲ್ಲ.

ಕರ್ನಾಟಕದ ಮತದಾರ ಇದಕ್ಕಿಂತಲೂ ಬೇಗ ಬದಲಾದುದುಂಟು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾದವು. ಜನಾದೇಶ ಕೈತಪ್ಪಿತೆಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 139 ಸ್ಥಾನಗಳನ್ನು ಕೊಟ್ಟರು. ನಡುವೆ ಕಳೆದುದು ಮೂರು ತಿಂಗಳಷ್ಟೆ. ಇಷ್ಟು ಬೇಗ ಮನಸ್ಸು ಬದಲಿಸಿದಿರಲ್ಲ ಎಂದು ಅಂದು ಯಾರೂ ಮತದಾರನನ್ನು ಹೀಗಳೆಯಲಿಲ್ಲ. ಬದಲಾಗಿ ಅದನ್ನು ಅವನ ಜಾಣತನವೆಂದು ಹೊಗಳಿದರು.

ಬದಲಾದವರು ಯಾರು?

ಈಗ ನಮ್ಮ ಜಿಲ್ಲೆಗೆ ಬರೋಣ. ದೇವದುರ್ಗದ ಮತದಾರರು 2008ರ ಮೇ ತಿಂಗಳಲ್ಲಿ ಕೆ. ಶಿವನಗೌಡ ನಾಯಕರನ್ನು ಜೆಡಿಎಸ್‌ನಿಂದ ಗೆಲ್ಲಿಸಿದರು. ಕೆಲವೇ ವಾರಗಳಲ್ಲಿ ಅವರು ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. 'ಆಪರೇಷನ್ ಕಮಲ' ಎಂಬ ಮಾತು ಕನ್ನಡಕ್ಕೆ ಬಂದ ಕಾಲವದು. ಅದೇ ವರ್ಷ ಡಿಸೆಂಬರಿನಲ್ಲಿ ಎಂಟು ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಐದರಲ್ಲಿ ಬಿಜೆಪಿ ಗೆದ್ದಿತು. ಆ ಐದರಲ್ಲಿ ದೇವದುರ್ಗವೂ ಒಂದು. 2013ರಲ್ಲಿ ಅದೇ ಕ್ಷೇತ್ರ ಕಾಂಗ್ರೆಸ್ಸಿನ ಎ. ವೆಂಕಟೇಶ ನಾಯಕರನ್ನು ಆರಿಸಿತು. ಅವರು 2015ರಲ್ಲಿ ರೈಲು ಅಪಘಾತದಲ್ಲಿ ತೀರಿಕೊಂಡಾಗ, 2016ರ ಉಪಚುನಾವಣೆಯಲ್ಲಿ ಶಿವನಗೌಡರು ಮರಳಿ ಬಂದು 2018ರಲ್ಲೂ ಗೆದ್ದರು. 2023ರಲ್ಲಿ ಜೆಡಿಎಸ್‌ನ ಕರೆಮ್ಮ ನಾಯಕ ಅವರು 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಅವರನ್ನು ಸೋಲಿಸಿದರು. ಆ ಚುನಾವಣೆ ನಡೆದುದು ಮೇ ತಿಂಗಳಲ್ಲಿ. ಸೆಪ್ಟೆಂಬರಿನಲ್ಲಿ ಜೆಡಿಎಸ್ ಪಕ್ಷವೇ ಬಿಜೆಪಿಯ ಮೈತ್ರಿಕೂಟ ಸೇರಿತು. ಬಿಜೆಪಿ ಬೇಡವೆಂದು ಜೆಡಿಎಸ್‌ಗೆ ಮತ ಹಾಕಿದ ದೇವದುರ್ಗದ ಮುದುಕಿಯೊಬ್ಬಳನ್ನು ಈಗ ಏನೆಂದು ಬೈಯಬೇಕು? ಅವಳು ತಪ್ಪು ಆರಿಸಿದಳೇ, ಅಥವಾ ಅವಳು ಆರಿಸಿದ್ದು ಆಮೇಲೆ ಬೇರೆಯಾಯಿತೇ?

ಮಾನ್ವಿಯ ಕತೆಯೂ ಹೆಚ್ಚು ಭಿನ್ನವಲ್ಲ. 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನ ಹಂಪಯ್ಯ ನಾಯಕರನ್ನು ಗೆಲ್ಲಿಸಿದ ಕ್ಷೇತ್ರ 2018ರಲ್ಲಿ ಜೆಡಿಎಸ್‌ನ ರಾಜಾ ವೆಂಕಟಪ್ಪ ನಾಯಕರನ್ನು ಆರಿಸಿತು. 2023ರಲ್ಲಿ ಮತ್ತೆ ಹಂಪಯ್ಯನವರನ್ನೇ ಕರೆಯಿತು. ಆ ಸಲ ಅವರ ಎದುರು ಬಿಜೆಪಿಯಿಂದ ನಿಂತವರು, 2014ರಲ್ಲಿ ಕಾಂಗ್ರೆಸ್ಸಿನಿಂದ ಲೋಕಸಭೆಗೆ ಹೋಗಿದ್ದ ಬಿ.ವಿ. ನಾಯಕ. ರಾಯಚೂರು ನಗರದಲ್ಲಿ 2013ರಲ್ಲಿ ಜೆಡಿಎಸ್‌ನಿಂದ ಗೆದ್ದ ಡಾ. ಶಿವರಾಜ ಪಾಟೀಲರು 2018ರಲ್ಲಿ ಬಿಜೆಪಿಯಿಂದ ಗೆದ್ದರು. ಪಕ್ಷ ಬದಲಿಸಿದ ನಾಯಕನಿಗೆ ಹಾರ ಹಾಕುವ ನಾವು ಮನಸ್ಸು ಬದಲಿಸಿದ ಮತದಾರನಿಗೆ ಮಾತ್ರ ಛೀಮಾರಿ ಹಾಕುವುದು ಯಾವ ನ್ಯಾಯ?

ಮಸ್ಕಿಯ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಕೇವಲ 213 ಮತಗಳಿಂದ ಸೋಲಿಸಿದರು. ಮರುವರ್ಷ ಸಮ್ಮಿಶ್ರ ಸರ್ಕಾರ ಉರುಳಿಸಿದವರ ಗುಂಪಿನಲ್ಲಿ ಪ್ರತಾಪಗೌಡರೂ ಇದ್ದರು. ಅನರ್ಹತೆ, ಕೋರ್ಟು ಎಂದು ಮಸ್ಕಿಗೆ ಸುಮಾರು ಎರಡು ವರ್ಷ ಶಾಸಕರೇ ಇರಲಿಲ್ಲ. ಆ ದಿನಗಳಲ್ಲೇ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಕುಳಿತಿದ್ದರು. 2021ರ ಏಪ್ರಿಲಿನಲ್ಲಿ ಉಪಚುನಾವಣೆ ನಡೆದಾಗ ಇಬ್ಬರು ಅಭ್ಯರ್ಥಿಗಳೂ ಪಕ್ಷ ಅದಲುಬದಲು ಮಾಡಿಕೊಂಡಿದ್ದರು. ಜನ ತುರ್ವಿಹಾಳರನ್ನು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿದರು. 213 ಎಲ್ಲಿ, 30 ಸಾವಿರ ಎಲ್ಲಿ? ತಾವು 2018ರಲ್ಲಿ ತಪ್ಪಿದೆವೆಂದು ಸಾವಿರಾರು ಜನ ಒಪ್ಪಿಕೊಳ್ಳದೆ ಈ ಅಂತರ ಬರುತ್ತಿರಲಿಲ್ಲ. ಅವರನ್ನೆಲ್ಲ "ಉಣ್ಣು" ಎಂದು ದೂರ ತಳ್ಳಿದ್ದರೆ ಆ ತೀರ್ಪು ಎಲ್ಲಿಂದ ಬರುತ್ತಿತ್ತು?

ಊರಿಗೇ ಶಾಪ

ಸಿಟ್ಟಿನಲ್ಲಿ ನಾವು ಇನ್ನೊಂದು ತಪ್ಪನ್ನೂ ಮಾಡುತ್ತೇವೆ. ಒಬ್ಬರು ಗೆದ್ದರೆಂದರೆ ಇಡೀ ಊರೇ ಅವರಿಗೆ ಮತ ಹಾಕಿತೆಂದು ಭಾವಿಸುತ್ತೇವೆ. 2014ರಲ್ಲಿ ರಾಯಚೂರು ಲೋಕಸಭಾ ಕ್ಷೇತ್ರದಲ್ಲಿ ಮೊದಲ ಇಬ್ಬರು ತಲಾ ನಾಲ್ಕು ಲಕ್ಷಕ್ಕೂ ಹೆಚ್ಚು ಮತ ಪಡೆದರು; ಗೆಲುವಿನ ಅಂತರ 1,499. 2019ರಲ್ಲಿ ಅದೇ ಕ್ಷೇತ್ರ ಬಿಜೆಪಿಯ ರಾಜಾ ಅಮರೇಶ್ವರ ನಾಯಕರನ್ನು ಲಕ್ಷಕ್ಕೂ ಮಿಕ್ಕ ಅಂತರದಿಂದ ಆರಿಸಿತು. 2024ರಲ್ಲಿ ಕಾಂಗ್ರೆಸ್ಸಿನ ಜಿ. ಕುಮಾರ ನಾಯಕರನ್ನು ಸುಮಾರು 80 ಸಾವಿರ ಮತಗಳಿಂದ ಗೆಲ್ಲಿಸಿತು. ಯಾವ ವರ್ಷದ ರಾಯಚೂರನ್ನು ಶಪಿಸಬೇಕು? ಯಾವ ವರ್ಷದ ರಾಯಚೂರನ್ನು ಹರಸಬೇಕು?

2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದ ನಲ್ಲಿಯಲ್ಲಿ ಕಲುಷಿತ ನೀರು ಬಂದು ಹಲವರು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ನೀರು ಯಾರು ಯಾರಿಗೆ ಮತ ಹಾಕಿದ್ದೀರಿ ಎಂದು ಕೇಳಿ ಮನೆಯೊಳಗೆ ಬರಲಿಲ್ಲ. ಅದೇ ವರ್ಷದ ಮೇ 13ರಂದು ಏಮ್ಸ್‌ಗಾಗಿ ರಾಯಚೂರಿನಲ್ಲಿ ಶುರುವಾದ ಧರಣಿ ಸಾವಿರ ದಿನಗಳನ್ನು ದಾಟಿತು. ಐಐಟಿ ಧಾರವಾಡದ ಪಾಲಾದ ನೋವು ಆ ಧರಣಿಯ ಹಿಂದಿತ್ತು. ಆ ಡೇರೆಯ ಬಾಗಿಲಲ್ಲಿ, "ನೀನು ಕಳೆದ ಸಲ ಯಾರಿಗೆ ಹಾಕಿದ್ದಿ?" ಎಂದು ಕೇಳುತ್ತಾ ಕುಳಿತಿದ್ದರೆ ಒಳಗೆ ಎಷ್ಟು ಜನ ಉಳಿಯುತ್ತಿದ್ದರು?

ಅಥೆನ್ಸಿನ ಎರಡನೆಯ ಹಡಗು

ಮತದಾರನ ಪಶ್ಚಾತ್ತಾಪ ಇಂದು ನಿನ್ನೆಯದಲ್ಲ. ಕ್ರಿಸ್ತಪೂರ್ವ 427ರಲ್ಲಿ ಅಥೆನ್ಸಿನ ಜನಸಭೆ ಒಂದು ಭಯಂಕರ ತೀರ್ಮಾನ ಕೈಗೊಂಡಿತು. ತಮ್ಮ ವಿರುದ್ಧ ದಂಗೆಯೆದ್ದ ಮಿಟಿಲೀನ್ ಪಟ್ಟಣದ ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಬೇಕು ಎಂಬುದು ಆ ತೀರ್ಮಾನ. ಆಜ್ಞೆ ಹೊತ್ತ ಹಡಗು ಹೊರಟಿತು. ಮರುದಿನ ಬೆಳಿಗ್ಗೆ ಜನರಿಗೆ ತಾವು ಮಾಡಿದ್ದು ಎಂಥ ಕ್ರೌರ್ಯವೆಂದು ಅರಿವಾಗಿ ಮತ್ತೆ ಸಭೆ ಸೇರಿತು. ಕ್ಲಿಯಾನ್ ಎಂಬ ನಾಯಕ ಎದ್ದು ನಿಂತು, ಹೀಗೆ ಮನಸ್ಸು ಬದಲಿಸುವುದು ದೌರ್ಬಲ್ಯವೆಂದು ಜನರನ್ನೇ ಗದರಿಸಿದ. ಡಯೊಡೋಟಸ್ ಎಂಬವನು ಅವನನ್ನು ವಿರೋಧಿಸಿದ. ಕೈ ಎತ್ತಿಸಿದಾಗ ಸ್ವಲ್ಪವೇ ಅಂತರದಿಂದ ಹಳೆಯ ತೀರ್ಮಾನ ಬಿದ್ದುಹೋಯಿತು. ಎರಡನೆಯ ಹಡಗಿನವರು ಹುಟ್ಟು ಹಾಕುತ್ತಲೇ ಊಟ ಮಾಡಿ, ಸರದಿಯ ಮೇಲೆ ಮಲಗಿ, ಕೊಲೆ ಆರಂಭವಾಗುವ ಮುನ್ನವೇ ಮಿಟಿಲೀನ್ ತಲುಪಿದರು. ದಂಗೆಯ ಮುಂದಾಳುಗಳು ಉಳಿಯಲಿಲ್ಲ; ಊರು ಉಳಿಯಿತು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಮೊದಲನೆಯದು, ಮನಸ್ಸು ಬದಲಿಸುವವರನ್ನು ಅಂದು ಗದರಿಸಿದವನು ಕೊಲ್ಲಬೇಕೆಂದವನೇ. ಜನ ಪಶ್ಚಾತ್ತಾಪ ಪಡದಿರುವುದರಿಂದ ಲಾಭ ಯಾರಿಗೆ ಎಂದು ಯೋಚಿಸಬೇಕು. ಎರಡನೆಯದು, ಸಭೆ ಬರೀ ಅಯ್ಯೋ ಎಂದು ಸುಮ್ಮನಾಗಲಿಲ್ಲ. ಇನ್ನೊಂದು ಹಡಗು ಕಳುಹಿಸಿತು.

ನೋವಿನ ಲೆಕ್ಕ

ಸಿಟ್ಟಾಗುವವರದು ಬರೀ ಹಟವೆಂದು ಹೇಳಲಾಗದು. 2022ರ ಫೆಬ್ರವರಿಯ ಸರ್ಕಾರಿ ಆದೇಶದ ಬಳಿಕ ಹಿಜಾಬಿನ ಕಾರಣಕ್ಕೆ ಪರೀಕ್ಷೆ ಬಿಟ್ಟ ಹುಡುಗಿಗೆ ಆ ವರ್ಷವನ್ನು ಯಾರೂ ಮರಳಿ ಕೊಡಲಾರರು. 2023ರ ಮಾರ್ಚಿನಲ್ಲಿ, ಚುನಾವಣೆಗೆ ಕೆಲವೇ ವಾರಗಳಿರುವಾಗ, ಮುಸ್ಲಿಮರ ಶೇಕಡಾ 4ರ ಮೀಸಲಾತಿಯನ್ನು ಕಿತ್ತು ಹಂಚುವ ತೀರ್ಮಾನವಾಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ಅದು ಜಾರಿಯಾಗದೆ ಉಳಿದರೂ, ಅಂದು ಸಂತೋಷಪಟ್ಟ ನೆರೆಯವರ ಮುಖ ಮರೆತುಹೋಗುವುದಿಲ್ಲ. ಅಂಥ ನೆರೆಯವನು ಇಂದು ಗೊಬ್ಬರದ ಬೆಲೆ ಏರಿತೆಂದು, ಮಗನಿಗೆ ಕೆಲಸ ಸಿಗಲಿಲ್ಲವೆಂದು ಗೋಳಾಡಿದರೆ, "ನಮಗೆ ಪೆಟ್ಟು ಬಿದ್ದಾಗ ನೀನೆಲ್ಲಿದ್ದೆ?" ಎಂಬ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಯನ್ನು ನುಂಗಿಕೊಳ್ಳಬೇಕಿಲ್ಲ. ಅದನ್ನು ಕೇಳಲೇಬೇಕು.

ಆದರೆ ಪ್ರಶ್ನೆ ಕೇಳುವುದು ಬೇರೆ, ಬಾಗಿಲು ಮುಚ್ಚುವುದು ಬೇರೆ. ಪ್ರಶ್ನೆಗೆ ಉತ್ತರ ಬರಬಹುದು. ಮುಚ್ಚಿದ ಬಾಗಿಲಿನ ಮುಂದೆ ನಿಂತವನು ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ. ಮುಂದಿನ ಸಲ ಅವನು ತನ್ನ ತಪ್ಪನ್ನು ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ, ಮತ್ತೆ ಅಲ್ಲಿಗೇ ಮತ ಹಾಕುತ್ತಾನೆ.

ಪಶ್ಚಾತ್ತಾಪ ಪಡುವವನಿಂದಲೂ ಕೇಳಬೇಕಾದುದಿದೆ. ತನ್ನ ಜೇಬಿಗೆ ಪೆಟ್ಟು ಬಿದ್ದುದಕ್ಕೆ ಮಾತ್ರ ಮರುಗಿದರೆ ಅದು ಪಶ್ಚಾತ್ತಾಪವಲ್ಲ, ನಷ್ಟದ ಲೆಕ್ಕ. ತನ್ನ ಮತದಿಂದ ಇನ್ನೊಬ್ಬನಿಗಾದ ನೋವನ್ನೂ ಅವನು ಕಾಣಬೇಕು. ಹಣ ತೆಗೆದುಕೊಂಡು ಹಾಕಿದ್ದರೆ ಅದನ್ನು ಹೇಳಬೇಕು, ದ್ವೇಷದಿಂದ ಹಾಕಿದ್ದರೆ ಅದನ್ನೂ ಹೇಳಬೇಕು. ಮುಂದಿನ ಚುನಾವಣೆಯ ತನಕ ಕಾಯದೆ, ನೆರೆಯವನ ಮೇಲೆ ಅನ್ಯಾಯವಾಗುವಾಗ ಎದ್ದು ನಿಲ್ಲಬೇಕು. ಅದೇ ಅವನ ಎರಡನೆಯ ಹಡಗು.

ಚಹಾದಂಗಡಿಯಲ್ಲಿ ಮುಂದಿನ ಸಲ ಯಾರಾದರೂ "ತಪ್ಪು ಮಾಡಿದ್ವಿ" ಎಂದಾಗ, "ಈಗ ಉಣ್ಣು" ಎನ್ನುವ ಬದಲು, "ಹೌದಪ್ಪ, ಈಗ ಏನು ಮಾಡೋಣ ಹೇಳು" ಎಂದು ಕೇಳಿ ನೋಡೋಣ. ಇನ್ನೊಂದು ಚಹಾದ ಖರ್ಚು ಬರಬಹುದು. ಅದಕ್ಕಿಂತ ಹೆಚ್ಚಿನ ನಷ್ಟವೇನೂ ಆಗದು.